ಸ್ಯಾಂಡರ್ಸನ್ ಸಾಹೇಬನ ನಾಲ್ಕು ಬೋರಿನ ಕೋವಿ

ಕನ್ನಡ ನಿಘಂಟುಗಳ ಚರಿತ್ರೆಯನ್ನು ಬಲ್ಲವರಿಗೆ ಸ್ಯಾಂಡರ್ಸನ್ ಎಂಬ ಹೆಸರು ಹೊಸದಲ್ಲ. ವಿಲಿಯಂ ರೀವ್ 1832ರಲ್ಲಿ ಹೊರತಂದ ಕನ್ನಡ-ಇಂಗ್ಲಿಷ್ ನಿಘಂಟನ್ನು ತಿದ್ದಿ, ವಿಸ್ತರಿಸಿ, 1858ರಲ್ಲಿ ಬೆಂಗಳೂರಿನ ವೆಸ್ಲಿಯನ್ ಮಿಷನ್ ಮುದ್ರಣಾಲಯದಿಂದ ಪ್ರಕಟಿಸಿದವರು ಪಾದ್ರಿ ಡೇನಿಯಲ್ ಸ್ಯಾಂಡರ್ಸನ್. ಲಕ್ಷ್ಮೀಶನ ಜೈಮಿನಿ ಭಾರತವನ್ನು ಅನುವಾದ ಟಿಪ್ಪಣಿಗಳೊಡನೆ 1852ರಲ್ಲಿ ಅಚ್ಚು ಹಾಕಿಸಿದವರೂ ಅವರೇ. ಕನ್ನಡ ಪಾಠ ಹೇಳಿಯೇ ಹೊಟ್ಟೆ ಹೊರೆಯುವ ನನ್ನಂಥವರು ಈ ಪಾದ್ರಿಗಳಿಗೆ ಋಣಿಗಳು. ಆದರೆ ಈ ಲೇಖನದ ನಾಯಕ ಅವರಲ್ಲ, ಅವರ ಮಗ. ತಂದೆ ಒಂದೊಂದು ಶಬ್ದಕ್ಕೂ ಒಪ್ಪುವ ಅರ್ಥವನ್ನು ಅರಸಿದರೆ, ಮಗ ಒಂದೊಂದು ಮೃಗಕ್ಕೂ ಒಪ್ಪುವ ತೋಟಾವನ್ನು ಅರಸಿದನು. ತಂದೆಯ ಕೆಲಸ ವಿದ್ವಾಂಸರಲ್ಲಿ ಉಳಿಯಿತು. ಮಗನ ಹೆಸರು ಚಾಮರಾಜನಗರ, ಕಾಕನಕೋಟೆಗಳ ಕಾಡಿನ ಕಥೆಯೊಂದಿಗೆ ಬೆರೆತುಹೋಯಿತು.

ಜಾರ್ಜ್ ಪೆರೆಸ್ ಸ್ಯಾಂಡರ್ಸನ್ ಹುಟ್ಟಿದ್ದು 1848ರಲ್ಲಿ. ಬಾಲ್ಯದ ವಿದ್ಯಾಭ್ಯಾಸ ಇಂಗ್ಲೆಂಡಿನಲ್ಲಿ ಆಯಿತು. 1864ರಲ್ಲಿ, ಇನ್ನೂ ಹದಿನಾರರ ಹರೆಯದಲ್ಲಿ, ಭಾರತಕ್ಕೆ ಬಂದನು. ಮೈಸೂರು ಸಂಸ್ಥಾನ ಆಗ ಇಂಗ್ಲಿಷ್ ಕಮಿಷನರರ ಆಳ್ವಿಕೆಯಲ್ಲಿತ್ತು. ಕಾಲುವೆಗಳ ಮೇಲ್ವಿಚಾರಣೆಯ ಇಲಾಖೆಯಲ್ಲಿ ಈ ತರುಣನಿಗೆ ಕೆಲಸ ದೊರೆಯಿತು. ಕನ್ನಡ ಕಲಿತಿದ್ದುದು ಅದಕ್ಕೆ ನೆರವಾಯಿತು. ನದಿಗಳಿಂದ ಹೊರಟ ಕಾಲುವೆಗಳ ಏರಿಯನ್ನೇ ಹಿಡಿದು ಕುದುರೆಯ ಮೇಲೆ ಹೋಗುವುದು, ಒಡೆದ ಕಡೆ ಕಟ್ಟಿಸುವುದು, ಹೂಳು ತುಂಬಿದ ಕಡೆ ತೆಗೆಸುವುದು, ರೈತರ ನೀರಿನ ಜಗಳ ಕೇಳುವುದು: ಇದು ಸರ್ಕಾರ ಆತನಿಗೆ ಕೊಟ್ಟ ಕೆಲಸ. ಕಾಲುವೆಗಳಾಚೆ ಬಿಳಿಗಿರಿರಂಗನ ಬೆಟ್ಟದ ಸಾಲು. ಸಾಲಿನಿಂದ ಕೆಳಗಿಳಿದು ಬರುವ ಆನೆಯ ಹಿಂಡು, ಕಾಟಿಯ ಹಿಂಡು, ಹುಲಿ. ಇವು ಕಾಡು ಆತನಿಗೆ ಕೊಟ್ಟ ಕೆಲಸ. ಸೋಲಿಗರೂ ಜೇನುಕುರುಬರೂ ಆತನ ಗುರುಗಳಾದರು. ಮುರಿದ ಕಡ್ಡಿಯ ರಸ ಒಣಗಿದೆಯೋ ಇಲ್ಲವೋ, ಲದ್ದಿಯಲ್ಲಿ ಬಿಸಿಯುಂಟೋ ಇಲ್ಲವೋ ಎಂದು ನೋಡಿ ಆನೆ ಎಷ್ಟು ದೂರದಲ್ಲಿದೆ ಎಂದು ಹೇಳಬಲ್ಲ ಆ ಜನರ ವಿದ್ಯೆ ಯಾವ ಗ್ರಂಥದಲ್ಲೂ ಇರಲಿಲ್ಲ.

ಬೇಟೆಯೆಂಬುದು ಆ ಕಾಲದ ಇಂಗ್ಲಿಷ್ ಅಧಿಕಾರಿಗಳಿಗೆಲ್ಲ ಸಾಮಾನ್ಯವಾದ ವಿನೋದ. ನಮ್ಮ ಅರಸುಮಕ್ಕಳಿಗೂ ಅದು ವ್ಯಸನವಾಗಿತ್ತೆಂಬುದನ್ನು ಚಂಪೂ ಕಾವ್ಯಗಳ ಮೃಗಯಾ ವರ್ಣನೆಗಳೇ ಸಾರುತ್ತವೆ. ಆದರೆ ಸ್ಯಾಂಡರ್ಸನ್ನನ ವಿಶೇಷ ಬೇರೊಂದು ಕಡೆಯಿದೆ. ಯಾವ ಕೋವಿಯಿಂದ ಯಾವ ಮೃಗವನ್ನು ಹೊಡೆಯಬೇಕು ಎಂಬ ಪ್ರಶ್ನೆಯನ್ನು ಆತ ವಿನೋದವೆಂದು ಬಗೆಯಲಿಲ್ಲ, ಹೊಣೆಯೆಂದು ಬಗೆದನು.

ಪ್ರಶ್ನೆ ಏಕೆ ಅಷ್ಟು ಕಠಿಣವಾಗಿತ್ತೆಂಬುದನ್ನು ವಾಚಕರಿಗೆ ಕೊಂಚ ವಿವರಿಸಬೇಕು. ಆನೆಯ ತಲೆ ನೋಡುವುದಕ್ಕೆ ಬಂಡೆಯಂತಿದ್ದರೂ ಒಳಗೆ ಬಹುಪಾಲು ಜೇನುಹುಟ್ಟಿನಂತೆ ಗಾಳಿ ತುಂಬಿದ ಗೂಡುಗೂಡಾದ ಎಲುಬು. ಮಿದುಳು ಇರುವುದು ಹಿಂದೆ, ಕೆಳಗೆ, ಎರಡು ಕಿವಿಗಳ ನಡುವಿನ ಮಟ್ಟದಲ್ಲಿ. ಅದರ ಗಾತ್ರ ಸಿಪ್ಪೆ ಸುಲಿಯದ ಒಂದು ತೆಂಗಿನಕಾಯಿಯಷ್ಟು. ಗುಂಡು ಅದನ್ನು ಮುಟ್ಟಿದರೆ ಆನೆ ನಿಂತಲ್ಲೇ ಕುಸಿಯುತ್ತದೆ. ನಾಲ್ಕು ಅಂಗುಲ ತಪ್ಪಿದರೆ ಗೂಡೆಲುಬಿನಲ್ಲಿ ಹೂತು ನಿಲ್ಲುತ್ತದೆ. ಆನೆ ಸಾಯುವುದಿಲ್ಲ, ನೋವನ್ನು ಹೊತ್ತು ಕಾಡು ಸೇರುತ್ತದೆ. ಪಕ್ಕದಿಂದ ಹೊಡೆಯುವವನಿಗೆ ಕಿವಿಯ ಸಮೀಪದ ದಾರಿಯುಂಟು. ಎದುರಿಗೆ ನುಗ್ಗಿ ಬರುವ ಆನೆ ತಲೆಯೆತ್ತಿ ಸೊಂಡಿಲು ಸುರುಳಿ ಹಾಕಿ ಬಂದರೆ ಆ ಲೆಕ್ಕವೆಲ್ಲ ಬದಲಾಗಿ, ಸೊಂಡಿಲ ಬುಡದ ಮೇಲಿನ ಉಬ್ಬೇ ಗುರಿಯಾಗಬೇಕು. ಆಗ ಗುಂಡು ಅಷ್ಟು ಮಾಂಸವನ್ನೂ ಅಷ್ಟು ಎಲುಬನ್ನೂ ನೇರವಾಗಿ ಸೀಳಿ ಹೋಗಬೇಕು. ಇವೆಲ್ಲ ನಡೆಯುವುದು ಹತ್ತು ಹದಿನೈದು ಮಾರಿನ ಅಂತರದಲ್ಲಿ, ಬಿದಿರು ಮೆಳೆಯ ನಡುವೆ, ಒಂದು ಉಸಿರಿನ ಅವಧಿಯಲ್ಲಿ.

ಆ ಕಾಲದ ಮದ್ದಾದರೋ ಕರಿಮದ್ದು. ಅದರ ವೇಗಕ್ಕೆ ಒಂದು ಮಿತಿಯುಂಟು. ಎಷ್ಟು ಸುರಿದರೂ ಗುಂಡು ಒಂದು ಹದಕ್ಕಿಂತ ಹೆಚ್ಚು ರಭಸದಿಂದ ಓಡದು. ವೇಗ ಹೆಚ್ಚಿಸಲಾಗದಿದ್ದರೆ ಶಕ್ತಿ ಹೆಚ್ಚಿಸಲು ಉಳಿದ ಹಾದಿ ಒಂದೇ: ಗುಂಡಿನ ತೂಕ ಹೆಚ್ಚಿಸುವುದು. ಕೋವಿಗಳನ್ನು ಬೋರಿನ ಲೆಕ್ಕದಿಂದ ಕರೆಯುವ ಪದ್ಧತಿಯೂ ತೂಕವನ್ನೇ ಅವಲಂಬಿಸಿದೆ. ಒಂದು ಪೌಂಡು ಸೀಸದಿಂದ ಸಮಗಾತ್ರದ ಹನ್ನೆರಡು ಗುಂಡು ಎರೆದರೆ, ಅದರಲ್ಲೊಂದು ಹಿಡಿಸುವ ನಳಿಗೆ 12 ಬೋರಿನದು. ಎಂಟು ಎರೆದರೆ 8 ಬೋರು. ನಾಲ್ಕೇ ಎರೆದರೆ 4 ಬೋರು. ಆದ್ದರಿಂದ ಸಂಖ್ಯೆ ಇಳಿದಷ್ಟೂ ಕೋವಿ ದೊಡ್ಡದು. 12 ಬೋರಿನ ಗುಂಡು ನಮ್ಮ ಲೆಕ್ಕದಲ್ಲಿ ಮೂರೂಕಾಲು ತೊಲದಷ್ಟಾದರೆ, 4 ಬೋರಿನ ಗುಂಡು ಹೆಸರಿಗೆ ಕಾಲು ಪೌಂಡು, ಎಂದರೆ ಸುಮಾರು ಹತ್ತು ತೊಲ. ನಳಿಗೆಯ ಬಾಯಿ ಒಂದು ಅಂಗುಲಕ್ಕೂ ತುಸು ಹೆಚ್ಚು.

ಸ್ಯಾಂಡರ್ಸನ್ ಆನೆಯ ಬೇಟೆಗೆ ತೊಡಗಿದ್ದು 12 ಬೋರಿನ ಕೋವಿಯಿಂದ. ಆರು ಡ್ರಾಮ್ ಮದ್ದು. ಎಲುಬಿಗೆ ತಾಗಿ ಚಪ್ಪಟೆಯಾಗದಂತೆ ಗಟ್ಟಿಗೊಳಿಸಿದ ಸೀಸದ ಗುಂಡು. ಹುಲಿಗೆ, ಕಡವೆಗೆ ಅದು ಧಾರಾಳವಾಯಿತು; ಆನೆಗೆ ಸಾಲದಾಯಿತು. ಗುರಿ ತಪ್ಪದಿದ್ದಾಗ ಆನೆ ಬಿದ್ದೀತು. ಆದರೆ ಕೂದಲೆಳೆಯಷ್ಟು ತಪ್ಪಿದಾಗ ಅದನ್ನು ತಡೆದು ನಿಲ್ಲಿಸುವ ಪೆಟ್ಟು ಆ ಗುಂಡಿನಲ್ಲಿರಲಿಲ್ಲ. ದೊಡ್ಡ ಬೋರಿನ ಅಗತ್ಯವಿರುವುದು ಸರಿಯಾಗಿ ಹೊಡೆದ ಈಡಿಗಲ್ಲ, ತಪ್ಪಿ ಹೊಡೆದ ಈಡಿಗೆ ಎಂಬುದು ಈ ಅನುಭವದ ಸಾರವೆಂದು ನನಗೆ ತೋರುತ್ತದೆ. ಆತ ಬೋರು ಹೆಚ್ಚಿಸುತ್ತ ಹೋಗಿ ಕೊನೆಗೆ ನಿಂತದ್ದು ಇಂಗ್ಲೆಂಡಿನ ಪ್ರಸಿದ್ಧ ಕೋವಿಗಾರ ಗ್ರೀನರ್ ಮಾಡಿಕೊಟ್ಟ 4 ಬೋರಿನ ಜೋಡುನಳಿಗೆಯಲ್ಲಿ. ತೂಕ ಹತ್ತೊಂಬತ್ತೂವರೆ ಪೌಂಡು, ಎಂದರೆ ಒಂಬತ್ತು ಕಿಲೋಗ್ರಾಮಿಗೆ ತುಸು ಕಡಿಮೆ. ಒಂದು ತೋಟಾಕ್ಕೆ ಹನ್ನೆರಡು ಡ್ರಾಮ್ ಮದ್ದು, ಮೊದಲಿನ ಕೋವಿಗೆ ಹಾಕುತ್ತಿದ್ದುದರ ಇಮ್ಮಡಿ. ನಳಿಗೆಯ ಒಳಗೆ ತಿರುವು ಗೆರೆಗಳಿಲ್ಲ, ನುಣುಪು. ಗೆರೆಯುಳ್ಳ ನಳಿಗೆ ದೂರದ ಗುರಿಗೆ ಬೇಕಾದೀತು. ಹದಿನೈದು ಮಾರಿನಲ್ಲಿ ನುಣುಪು ನಳಿಗೆಯೇ ಸಾಕು.

ಇಂಥ ಕೋವಿಯನ್ನು ಹಾರಿಸುವುದೆಂದರೆ ಸಣ್ಣ ಫಿರಂಗಿಯೊಂದನ್ನು ಭುಜಕ್ಕೇರಿಸಿ ಬೆಂಕಿ ಕೊಟ್ಟಂತೆ. ಗುಂಡು ಮುಂದಕ್ಕೆ ಒಯ್ದ ವೇಗದ ಲೆಕ್ಕವನ್ನು ಕೋವಿ ಹಿಂದಕ್ಕೆ ತೀರಿಸಲೇಬೇಕು. ಪ್ರಕೃತಿ ಯಾರ ಸಾಲವನ್ನೂ ಮನ್ನಾ ಮಾಡುವುದಿಲ್ಲ. ಕೋವಿಯ ತೂಕವೇ ಆ ಒದೆತವನ್ನು ನುಂಗಬೇಕು. ಆದ್ದರಿಂದ ತೂಕ ಕಡಿಮೆ ಮಾಡಿಸುವಂತಿಲ್ಲ. ತೂಕವಿದ್ದರೆ ದಿನವಿಡೀ ಹೊತ್ತು ನಡೆಯುವಂತಿಲ್ಲ. ಹೊರುವುದಕ್ಕೆ ಹಿಂದೆ ಒಬ್ಬ ಆಳು. ಆತ ಆನೆಯ ಘೀಳಿಗೆ ಬೆದರಿ ಓಡುವವನಾಗಿರಬಾರದು. ಹಾರಿಸಿದೊಡನೆ ಮೂಡುವ ಕರಿಮದ್ದಿನ ದಟ್ಟ ಹೊಗೆ ಕಣ್ಣಿಗೆ ಪರದೆ ಕಟ್ಟುತ್ತದೆ. ಆನೆ ಬಿದ್ದಿದೆಯೋ, ಓಡಿದೆಯೋ, ಹೊಗೆಯನ್ನೇ ಸೀಳಿಕೊಂಡು ಬರುತ್ತಿದೆಯೋ ತಿಳಿಯದು. ಜೋಡುನಳಿಗೆ ಬೇಕಾದುದು ಈ ಗಳಿಗೆಗಾಗಿ. ಎರಡನೆಯ ತೋಟಾವೇ ಬೇಟೆಗಾರನ ಆಯುಸ್ಸು.

ಇಷ್ಟೆಲ್ಲ ಏಕೆ, ಕೊಲ್ಲುವವನಿಗೆ ಕೊಲ್ಲುವ ಉಪಕರಣದ ಚಿಂತೆ ಸಹಜವಲ್ಲವೆ, ಅದರಲ್ಲಿ ಹೊಣೆಯ ಮಾತೇನು ಎಂದು ಕೆಲವರು ಕೇಳಬಹುದು. ಗಾಯಗೊಂಡು ತಪ್ಪಿಸಿಕೊಂಡ ಆನೆಯ ಮುಂದಿನ ಕಥೆಯಲ್ಲಿ ಉತ್ತರವಿದೆ. ಎಲುಬಿನಲ್ಲಿ ಸೀಸ ಹುದುಗಿ, ಗಾಯ ಕೀವುಗಟ್ಟಿ, ಹಿಂಡಿನಿಂದ ಅಗಲಿದ ಸಲಗ ಮನುಷ್ಯರ ಮೇಲೆ ಬೀಳುವ ಪುಂಡಾನೆಯಾಗುವ ಸಂಭವ ಹೆಚ್ಚು. ಸಣ್ಣ ಕೋವಿಯ ಸಾಹೇಬ ಡೇರೆ ಕಿತ್ತು ಊರು ಸೇರುತ್ತಾನೆ. ಅದರ ಫಲ ಉಣ್ಣುವವನು ರಾತ್ರಿ ರಾಗಿ ಹೊಲ ಕಾಯುವ ರೈತ, ಸೌದೆಗೆ ಹೋದ ಹೆಂಗಸು, ದಾರಿಹೋಕ. ಕಾಕನಕೋಟೆಯ ಕಡೆ ಜನರನ್ನು ಕಾಡಿದ ಪುಂಡಾನೆಯೊಂದರ ಕಥೆ ಸ್ಯಾಂಡರ್ಸನ್ನನ ಗ್ರಂಥದಲ್ಲಿಯೇ ಉಂಟು. ತೋಟಾದ ಆಯ್ಕೆಯಲ್ಲಿ ಜಿಪುಣತನ ಮಾಡುವವನು ತನ್ನ ಭುಜದ ನೋವನ್ನು ಉಳಿಸಿಕೊಂಡು ಆ ನೋವನ್ನು ಬೇರೆಯವರ ಮನೆಗೆ ಕಳುಹಿಸುತ್ತಾನೆ. ಅರ್ಧ ಕೊಲ್ಲುವುದು ಪೂರ್ತಿ ಕೊಲ್ಲುವುದಕ್ಕಿಂತ ಕ್ರೂರವೆಂಬ ಈ ಅರಿವು ಆತನನ್ನು ಬರಿಯ ಬೇಟೆಗಾರರ ಸಾಲಿನಿಂದ ಬೇರ್ಪಡಿಸುತ್ತದೆ.

ಆದರೆ ಈ ಜೀವನದ ನಿಜವಾದ ತಿರುವು ಮುಂದಿದೆ. ಮದರಾಸು ಪ್ರಾಂತದಲ್ಲಿ 1873ರಲ್ಲಿ ಕಾಡಾನೆಗಳ ರಕ್ಷಣೆಗೆ ಕಾನೂನಾಯಿತು; 1879ರಲ್ಲಿ ಬ್ರಿಟಿಷ್ ಭಾರತಕ್ಕೂ ಅಂಥದೇ ಕಾನೂನು ಬಂದಿತು. ಅದೇ 1873ರಲ್ಲಿ, ಬೆಟ್ಟದಿಂದಿಳಿದು ಪೈರು ತುಳಿಯುವ ಆನೆಗಳನ್ನು ಕೊಲ್ಲುವ ಬದಲು ಹಿಂಡುಹಿಂಡಾಗಿ ಹಿಡಿಯಬಹುದೆಂದು ಸ್ಯಾಂಡರ್ಸನ್ ಸರ್ಕಾರದ ಮುಂದೆ ಸಲಹೆಯಿಟ್ಟನು. ಆತ ಅದುವರೆಗೆ ಒಂದು ಆನೆಯನ್ನೂ ಹಿಡಿದವನಲ್ಲ. ಒಂದು ಶತಮಾನಕ್ಕೆ ಹಿಂದೆ ಹೈದರಾಲಿ ಈ ಯತ್ನದಲ್ಲಿ ಸೋತು, ಮುಂದೆ ಯತ್ನಿಸುವವರಿಗೂ ಶಾಪವಿತ್ತು ಕಲ್ಲು ನೆಡಿಸಿದ್ದನೆಂದು ಪ್ರತೀತಿಯಿತ್ತು. ಮೊದಲ ಯತ್ನದಲ್ಲಿ ಈತನೂ ಸೋತನು. ಆದರೆ 1874ರ ಜೂನ್ ತಿಂಗಳಲ್ಲಿ ಚಾಮರಾಜನಗರದ ಸಮೀಪ, ಬೆಂಕಿ ಹಾಕಿ ಹಗಲಿರುಳು ಕಾವಲು ಕಾದ ಹಳ್ಳಿಗರ ಸುತ್ತುಗಟ್ಟಿನಿಂದ, ಐವತ್ತಕ್ಕೂ ಹೆಚ್ಚು ಆನೆಗಳು ಕಂದಕದ ಒಳಗೆ ಸೆರೆಯಾದುವು. ಹೈದರನ ಶಾಪ ಕಳೆಯಿತು. ಮರುವರ್ಷ ಬಂಗಾಳ ಸರ್ಕಾರ ಆತನನ್ನು ಢಾಕಾದ ಖೆಡ್ಡಾಗಳ ಮೇಲ್ವಿಚಾರಣೆಗೆ ಕರೆಸಿಕೊಂಡಿತು. ಚಿತ್ತಗಾಂಗಿನ ಬೆಟ್ಟಗಳಲ್ಲಿಯೂ ಗಾರೋ ಬೆಟ್ಟಗಳಲ್ಲಿಯೂ ಆತ ಆನೆ ಹಿಡಿಸಿದನು.

1878ರಲ್ಲಿ ಲಂಡನ್ನಿನಲ್ಲಿ ಆತನ ಗ್ರಂಥ ಅಚ್ಚಾಯಿತು. ಭಾರತದ ಕಾಡುಮೃಗಗಳ ನಡುವೆ ಕಳೆದ ಹದಿಮೂರು ವರ್ಷಗಳ ವೃತ್ತಾಂತವದು. ಅದನ್ನು ಓದುವಾಗ ಕೋವಿಗಿಂತ ಹೆಚ್ಚಾಗಿ ನನ್ನ ಮನಸ್ಸನ್ನು ಸೆಳೆಯುವುದು ಆನೆಯ ಸ್ವಭಾವದ ವಿವೇಚನೆ. ಆನೆಯ ಬುದ್ಧಿಯ ವಿಷಯವಾಗಿ ಪ್ರಚಾರದಲ್ಲಿದ್ದ ಅದ್ಭುತ ಕಥೆಗಳನ್ನು ಆತ ನಂಬುವುದಿಲ್ಲ. ಆದರೆ ಅದರ ತಾಳ್ಮೆ, ವಿಧೇಯತೆ, ಸೌಮ್ಯತೆಗಳನ್ನು ಮನಸಾರೆ ಒಪ್ಪುತ್ತಾನೆ. ಹಾಗೆ ಬರೆಯಬಲ್ಲವನು ಆನೆಯನ್ನು ನಳಿಗೆಯ ತುದಿಯಿಂದ ಮಾತ್ರ ಕಂಡವನಾಗಿರಲಾರ. ಕಿಪ್ಲಿಂಗ್ 1894ರಲ್ಲಿ ಪ್ರಕಟಿಸಿದ ಜಂಗಲ್ ಬುಕ್ಕಿನಲ್ಲಿ ಪೀಟರ್ಸನ್ ಸಾಹೇಬನೆಂಬ ಆನೆಹಿಡುಕ ಬರುತ್ತಾನಷ್ಟೆ. ಅವನಿಗೆ ಮಾದರಿ ನಮ್ಮ ಈ ಸ್ಯಾಂಡರ್ಸನ್ನನೇ ಎಂದು ಬಲ್ಲವರ ಅಭಿಪ್ರಾಯ.

ಖೆಡ್ಡಾವನ್ನು ಕರುಣೆಯೆಂದು ಹೊಗಳಿ ಮುಗಿಸಿದರೆ ನ್ಯಾಯವಾಗದು. ಕಾಲಿಗೆ ಬಿಗಿದ ಹಗ್ಗದ ಗಾಯದಿಂದ, ಮೇವು ಬಿಟ್ಟ ಕೊರಗಿನಿಂದ ಸೆರೆಯ ಆನೆಗಳು ಸತ್ತದ್ದುಂಟು. ತಾಯಿಯನ್ನಗಲಿದ ಮರಿಗಳು ಸತ್ತದ್ದುಂಟು. ಸೆರೆ ಬಿಡುಗಡೆಯಲ್ಲ. ಆದರೂ 4 ಬೋರಿನ ಕೋವಿ ಹಿಡಿದವನೊಬ್ಬ ಅದನ್ನು ಕೆಳಗಿಟ್ಟು ಹಗ್ಗ ಹಿಡಿದದ್ದು ಒಂದು ಹೆಜ್ಜೆಯೇ. ಒಂದೇ ಹೆಜ್ಜೆಯಲ್ಲಿ ಹಿಂಸೆಯಿಂದ ಅಹಿಂಸೆಗೆ ಹಾರಿದವರು ಪುರಾಣದಲ್ಲಿ ಸಿಕ್ಕಾರು, ಚರಿತ್ರೆಯಲ್ಲಿ ವಿರಳ.

1889ರಲ್ಲಿ ವಿಕ್ಟೋರಿಯಾ ರಾಣಿಯ ಮೊಮ್ಮಗ ಆಲ್ಬರ್ಟ್ ವಿಕ್ಟರ್ ಮೈಸೂರಿಗೆ ಬಂದಾಗ ಆತನಿಗಾಗಿ ಕಾಕನಕೋಟೆಯಲ್ಲಿ ಖೆಡ್ಡಾ ಏರ್ಪಡಿಸಿದವನು ಸ್ಯಾಂಡರ್ಸನ್. ಮೂರೇ ವರ್ಷಗಳಲ್ಲಿ, 1892ರಲ್ಲಿ, ಮದರಾಸಿನಲ್ಲಿ ಆತ ತೀರಿಕೊಂಡನು. ವಯಸ್ಸು ನಲವತ್ತನಾಲ್ಕರ ಆಸುಪಾಸು. ಆರು ವರ್ಷಗಳ ಬಳಿಕ, 1898ರಲ್ಲಿ, ರಿಗ್ಬಿ ಕಂಪನಿ ಹೊಗೆಯಿಲ್ಲದ ಕಾರ್ಡೈಟ್ ಮದ್ದಿನ .450 ತೋಟಾವನ್ನು ಹೊರತಂದಿತು. ಅದರ ಗುಂಡಿನ ತೂಕ 480 ಗ್ರೇನ್, ಮೂರು ತೊಲಕ್ಕೂ ಕಡಿಮೆ. ಆದರೆ ವೇಗ ಸೆಕೆಂಡಿಗೆ ಎರಡು ಸಾವಿರ ಅಡಿ ಮೀರಿದ್ದು. ಹತ್ತು ತೊಲದ ಗುಂಡು ಮಾಡುತ್ತಿದ್ದ ಕೆಲಸವನ್ನು ಅದು ಇನ್ನೂ ಆಳಕ್ಕೆ ಹೊಕ್ಕು ಮಾಡಿತು. 4 ಬೋರಿನ ಕೋವಿಗಳು ಗೋಡೆಯ ಅಲಂಕಾರವಾದುವು. ಕೊಲ್ಲುವುದು ಸುಲಭವಾದಷ್ಟೂ ಕೊಲ್ಲುವವನ ಹೊಣೆ ಹೆಚ್ಚಬೇಕಾಗಿತ್ತು; ಹಾಗಾಗಲಿಲ್ಲವೆಂಬುದಕ್ಕೆ ಬರಿದಾದ ಕಾಡುಗಳೇ ಸಾಕ್ಷಿ.

ಮೈಸೂರಿನ ಖೆಡ್ಡಾ ಪರಂಪರೆ 1971ರ ಕಾಕನಕೋಟೆಯ ಖೆಡ್ಡಾದೊಂದಿಗೆ ಕೊನೆಗೊಂಡಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. ಮಾಸ್ತಿಯವರ ನಾಟಕಕ್ಕೆ ಹೆಸರಾದ ಆ ಕಾಕನಕೋಟೆಯ ಖೆಡ್ಡಾ ಭೂಮಿ ಕಬಿನಿ ಜಲಾಶಯದಲ್ಲಿ ಮುಳುಗಿದೆ. ಬೇಸಗೆಯಲ್ಲಿ ನೀರು ಹಿಂಜರಿದಾಗ ಮೂಡುವ ಹುಲ್ಲಿಗೆ ನೂರಾರು ಆನೆಗಳು ಬಂದು ನಿಲ್ಲುತ್ತವೆ; ಅವುಗಳನ್ನು ಸುತ್ತುಗಟ್ಟುವವರಿಲ್ಲ. ಆದರೆ ಕಾಡಿನ ಅಂಚಿನ ರೈತ ಇಂದಿಗೂ ರಾತ್ರಿ ಅಟ್ಟಣೆಯ ಮೇಲೆ ಕುಳಿತು ಹೊಲ ಕಾಯುತ್ತಾನೆ. ಆನೆಗೂ ಅವನಿಗೂ ನಡುವಣ ವ್ಯಾಜ್ಯಕ್ಕೆ ಸ್ಯಾಂಡರ್ಸನ್ ಮೊದಲು ಕೋವಿಯಲ್ಲಿ, ಆಮೇಲೆ ಹಗ್ಗದಲ್ಲಿ ಪರಿಹಾರ ಹುಡುಕಿದನು. ಅವೆರಡನ್ನೂ ಬಿಟ್ಟ ನಮಗೆ ಮೂರನೆಯದೊಂದನ್ನು ಹುಡುಕುವ ಭಾರ ಬಂದಿದೆ. ಹತ್ತೊಂಬತ್ತೂವರೆ ಪೌಂಡಿನ ಕೋವಿಗಿಂತ ಅದು ಹಗುರವಾದ ಹೊರೆಯೇನೂ ಅಲ್ಲ.