ಮಡಿವಂತರ ಮುಂಬೈಯಲ್ಲಿ ಮುಚ್ಚುಮರೆಯಿಲ್ಲದೆ ಬರೆದ ರಘುನಾಥ ಕರ್ವೆ

ಯಾವ ಮಾತನ್ನು ಸಭ್ಯರು ಆಡಬಾರದು? ಅದನ್ನು ನಿರ್ಧರಿಸುವವರು ಯಾರು? ಆಡಿದವರಿಗೆ ಆಗುವ ಶಿಕ್ಷೆ ಏನು? 'ಪೊಲಿಟಿಕಲ್ ಕರೆಕ್ಟ್‌ನೆಸ್' ಎಂಬ ಪದ ನಮ್ಮಲ್ಲಿ ಬಳಕೆಗೆ ಬಂದದ್ದು ಇತ್ತೀಚೆಗೆ. ಆದರೆ ಈ ಪ್ರಶ್ನೆಗಳು ಹಳೆಯವು. ಸುಮಾರು ನೂರು ವರ್ಷಗಳ ಹಿಂದೆ ಮುಂಬೈಯಲ್ಲಿ ಗಣಿತದ ಪ್ರಾಧ್ಯಾಪಕರೊಬ್ಬರು ಇವುಗಳಿಗೆ ಎದುರಾಗಿ ನಿಂತರು. ಅದರಿಂದ ಕೆಲಸ ಹೋಯಿತು, ಕೋರ್ಟು ಕಟಕಟೆ ಹತ್ತಬೇಕಾಯಿತು. ಆದರೂ ಬರೆಯುವುದನ್ನು ನಿಲ್ಲಿಸಲಿಲ್ಲ. ಅವರೇ ರಘುನಾಥ ಧೋಂಡೋ ಕರ್ವೆ.

ಪುಣೆಯಲ್ಲಿರುವವರಿಗೆ ಕರ್ವೆ ರಸ್ತೆ ಗೊತ್ತು. ಆ ಹೆಸರು ತಂದೆಯದು. ವಿಧವೆಯರ ಶಿಕ್ಷಣಕ್ಕಾಗಿ ಜೀವನ ಸವೆಸಿದ, 1958ರಲ್ಲಿ ಭಾರತ ರತ್ನ ಪಡೆದ ಮಹರ್ಷಿ ಧೋಂಡೋ ಕೇಶವ ಕರ್ವೆ ಅವರದು. ಮಗನ ಹೆಸರು ಮಹಾರಾಷ್ಟ್ರದ ಹೊರಗೆ ಅಷ್ಟಾಗಿ ಕೇಳಿಬರುವುದಿಲ್ಲ.

ಹೆರಿಗೆಯಲ್ಲಿ ಹೋದ ತಾಯಿ

ರಘುನಾಥ ಹುಟ್ಟಿದ್ದು 1882ರ ಜನವರಿ 14ರಂದು, ಕೊಂಕಣದ ರತ್ನಾಗಿರಿ ಜಿಲ್ಲೆಯ ಮುರುಡದಲ್ಲಿ. ತಾಯಿ ರಾಧಾಬಾಯಿ 1891ರಲ್ಲಿ ಹೆರಿಗೆಯ ವೇಳೆ ತೀರಿಕೊಂಡಾಗ ಹುಡುಗನಿಗೆ ಒಂಬತ್ತು ವರ್ಷ. ಎರಡು ವರ್ಷದ ನಂತರ ತಂದೆ ವಿಧವೆಯೊಬ್ಬರನ್ನು ಮದುವೆಯಾದರು. ಮುರುಡದ ಜನ ಆ ಕುಟುಂಬಕ್ಕೆ ಬಹಿಷ್ಕಾರ ಹಾಕಿದರು. ಸಮಾಜ ಒಪ್ಪದ ಕೆಲಸ ಮಾಡಿದರೆ ಏನಾಗುತ್ತದೆ ಎಂಬುದು ರಘುನಾಥರಿಗೆ ಮನೆಯಲ್ಲೇ ಸಿಕ್ಕ ಮೊದಲ ಪಾಠ.

ಓದಿನಲ್ಲಿ ಹುಡುಗ ಚುರುಕು. 1899ರ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಮೊದಲ ಸ್ಥಾನ. ನಂತರ ಪುಣೆಯ ಫರ್ಗ್ಯುಸನ್ ಕಾಲೇಜಿನಿಂದ ಪದವಿ. ಗಣಿತವೇ ವೃತ್ತಿಯಾಯಿತು. ಪ್ಯಾರಿಸ್‌ನಲ್ಲೂ ಓದಿ ಬಂದು ಮುಂಬೈಯ ವಿಲ್ಸನ್ ಕಾಲೇಜಿನಲ್ಲಿ ಪಾಠ ಹೇಳತೊಡಗಿದರು.

ಕೆಲಸವೋ, ಮಾತೋ?

ವರ್ಷಕ್ಕೊಂದು ಹೆರಿಗೆ, ಬಸವಳಿದ ತಾಯಂದಿರು, ಹೊರಗೆ ಹೇಳಿಕೊಳ್ಳಲಾಗದ ಗುಪ್ತರೋಗಗಳು. ಇವು ಮನೆಮನೆಯ ಸಂಕಟವಾಗಿದ್ದರೂ ಬಾಯಿ ಬಿಟ್ಟು ಮಾತಾಡುವವರಿರಲಿಲ್ಲ. ಕರ್ವೆ 1921ರಲ್ಲಿ ಮುಂಬೈಯಲ್ಲಿ ಸಂತಾನ ನಿಯಂತ್ರಣ ಕೇಂದ್ರ ತೆರೆದರು. ಲಂಡನ್‌ನಲ್ಲಿ ಮೇರಿ ಸ್ಟೋಪ್ಸ್ ತಮ್ಮ ಕೇಂದ್ರ ಆರಂಭಿಸಿದ್ದೂ ಅದೇ ವರ್ಷ. 1923ರಲ್ಲಿ ಇದೇ ವಿಷಯದ ಬಗ್ಗೆ ಮರಾಠಿಯಲ್ಲಿ ಪುಸ್ತಕ ಬರೆದರು. ಹೆಣ್ಣಿಗೂ ಗಂಡಿನಷ್ಟೇ ದೇಹಸುಖದ ಹಕ್ಕಿದೆ ಎಂದು ವಾದಿಸಿದರು. ಪತ್ನಿ ಮಾಲತಿ ಈ ಕೆಲಸದಲ್ಲಿ ಜೊತೆಗಿದ್ದರು. ಮಕ್ಕಳು ಬೇಡವೆಂಬ ನಿರ್ಧಾರಕ್ಕೆ ಬಂದ ದಂಪತಿ ಹಾಗೆಯೇ ಬದುಕಿದರು.

ಕ್ರೈಸ್ತ ಮಿಷನರಿಗಳ ಕಾಲೇಜಿನ ಆಡಳಿತಕ್ಕೆ ಇದು ಸರಿಬರಲಿಲ್ಲ. ಗಣಿತ ಕಲಿಸುವುದರಲ್ಲಿ ಯಾವ ದೋಷವೂ ಇರಲಿಲ್ಲ. ಆಕ್ಷೇಪವಿದ್ದದ್ದು ಕಾಲೇಜಿನ ಹೊರಗೆ ಆಡುವ ಮಾತಿನ ಬಗ್ಗೆ. ಪ್ರಚಾರ ಬಿಡಬೇಕು, ಇಲ್ಲವೇ ಕೆಲಸ ಬಿಡಬೇಕು ಎಂಬಲ್ಲಿಗೆ ವಿಷಯ ಬಂದು ನಿಂತಾಗ, 1925ರಲ್ಲಿ ಕರ್ವೆ ಕೆಲಸ ಬಿಟ್ಟರು. ಅವರನ್ನು ಮೊದಲು ಶಿಕ್ಷಿಸಿದ್ದು ಸರ್ಕಾರವಲ್ಲ, ಪೊಲೀಸರಲ್ಲ. ಸಂಬಳ ಕೊಡುವವರೇ.

ಒಂಟಿ ಪತ್ರಿಕೆ

1927ರ ಜುಲೈ 15ರಂದು 'ಸಮಾಜ ಸ್ವಾಸ್ಥ್ಯ' ಎಂಬ ಮರಾಠಿ ಮಾಸಪತ್ರಿಕೆ ಹೊರಬಂತು. ಗರ್ಭನಿರೋಧ, ಗುಪ್ತರೋಗ, ವೇಶ್ಯಾವೃತ್ತಿ, ವಿವಾಹ, ನಾಸ್ತಿಕವಾದ ಹೀಗೆ ಯಾವ ವಿಷಯಕ್ಕೂ ಅಲ್ಲಿ ಬೇಲಿ ಇರಲಿಲ್ಲ. ಮುಖಪುಟದಲ್ಲಿ ನಗ್ನ ಚಿತ್ರ ಬರುತ್ತಿತ್ತು. ದೇಹವೆಂದರೆ ನಾಚಿಕೆಪಡುವ ವಸ್ತುವಲ್ಲ ಎಂಬುದು ಸಂಪಾದಕರ ನಿಲುವು. ಹೆಸರಾಂತ ನಾಟಕಕಾರ ಮಾಮಾ ವರೇರಕರ್‌ರಂಥ ಕೆಲವರು ಬೆಂಬಲಕ್ಕಿದ್ದರೂ, ಹೆಚ್ಚಿನ ಗಣ್ಯರು ದೂರವೇ ಉಳಿದರು.

ಕರ್ವೆ ಮೆದುವಾಗಿ ಬರೆಯುವವರಲ್ಲ. ವ್ಯಂಗ್ಯವೇ ಅವರ ಆಯುಧ. ಧರ್ಮವನ್ನಾಗಲಿ, ದೊಡ್ಡವರನ್ನಾಗಲಿ ಬಿಟ್ಟವರಲ್ಲ. ಸಂತಾನ ನಿಯಂತ್ರಣಕ್ಕೆ ಬ್ರಹ್ಮಚರ್ಯವೇ ದಾರಿ, ಕೃತಕ ಸಾಧನಗಳು ಕೂಡದು ಎನ್ನುತ್ತಿದ್ದ ಗಾಂಧೀಜಿಯವರ ನಿಲುವನ್ನೂ ನೇರವಾಗಿ ಟೀಕಿಸಿದರು. ಅಂದಿನ ದಿನಗಳಲ್ಲಿ ಅದು ಸಣ್ಣ ಮಾತಾಗಿರಲಿಲ್ಲ. ಸನಾತನಿಗಳಿಗೆ ಅವರು ಧರ್ಮದ್ರೋಹಿ, ಮಿಷನರಿಗಳಿಗೆ ಅನೀತಿವಂತ, ಗಾಂಧಿ ಅನುಯಾಯಿಗಳಿಗೆ ಒರಟ. ಯಾವ ಪಾಳೆಯದ ಶಿಷ್ಟಾಚಾರಕ್ಕೂ ಅವರು ಹೊಂದಿಕೊಳ್ಳಲಿಲ್ಲ.

ಕಟಕಟೆಯಲ್ಲಿ ಕರ್ವೆ, ಕರಿಕೋಟಿನಲ್ಲಿ ಅಂಬೇಡ್ಕರ್

1931ರಲ್ಲಿ ವ್ಯಭಿಚಾರದ ಕುರಿತ ಲೇಖನವೊಂದರ ಮೇಲೆ ಅಶ್ಲೀಲತೆಯ ದೂರು ದಾಖಲಾಯಿತು. ಕರ್ವೆಗೆ 100 ರೂಪಾಯಿ ದಂಡ ಬಿತ್ತು. ಮೇಲ್ಮನವಿಯಲ್ಲೂ ಫಲ ಸಿಗಲಿಲ್ಲ.

ಮೂರು ವರ್ಷದಲ್ಲಿ ಎರಡನೇ ಮೊಕದ್ದಮೆ. ಈ ಬಾರಿ ಆಕ್ಷೇಪಕ್ಕೆ ಗುರಿಯಾದದ್ದು ಓದುಗರ ಪ್ರಶ್ನೆಗಳಿಗೆ ಸಂಪಾದಕರು ಕೊಟ್ಟ ಉತ್ತರಗಳು. ಹಸ್ತಮೈಥುನದ ಬಗ್ಗೆ, ಸಲಿಂಗಕಾಮದ ಬಗ್ಗೆ ಜನ ಕೇಳಿದ್ದರು, ಕರ್ವೆ ವಿಜ್ಞಾನದ ನೆಲೆಯಲ್ಲಿ ಉತ್ತರಿಸಿದ್ದರು. ಅವರ ಪರ ವಾದಿಸಲು ಬಂದವರು ಬ್ಯಾರಿಸ್ಟರ್ ಡಾ. ಬಿ. ಆರ್. ಅಂಬೇಡ್ಕರ್.

ದುಂಡುಮೇಜಿನ ಪರಿಷತ್ತು, ಪುಣೆ ಒಪ್ಪಂದಗಳ ನಂತರ ಅಂಬೇಡ್ಕರ್ ದೇಶದ ಗಮನ ಸೆಳೆದಿದ್ದ ನಾಯಕ. ಇಂಥ ಪ್ರಕರಣ ಹಿಡಿದರೆ ಕೆಸರು ತಮ್ಮ ಮೇಲೂ ಸಿಡಿಯುತ್ತದೆ ಎಂಬುದು ಅವರಿಗೆ ತಿಳಿಯದ್ದೇನಲ್ಲ. ಆದರೂ ಒಪ್ಪಿಕೊಂಡರು. ಲೈಂಗಿಕತೆಯ ಬಗ್ಗೆ ಬರೆದದ್ದೆಲ್ಲ ಅಶ್ಲೀಲವಾಗುವುದಿಲ್ಲ, ಜನರು ಕೇಳಿದ್ದಕ್ಕೆ ಉತ್ತರ ಕೊಡದಿದ್ದರೆ ಪತ್ರಿಕೆ ಇರುವುದಾದರೂ ಯಾಕೆ, ಅಜ್ಞಾನವನ್ನು ಕಳೆಯಲು ಜ್ಞಾನ ಬಿಟ್ಟು ಬೇರೆ ದಾರಿ ಯಾವುದು ಎಂಬ ಧಾಟಿಯಲ್ಲಿ ವಾದ ಸಾಗಿತು. ಲೈಂಗಿಕ ವಿಜ್ಞಾನಿ ಹ್ಯಾವ್ಲಾಕ್ ಎಲ್ಲಿಸ್ ಅವರ ಸಂಶೋಧನೆಯನ್ನೂ ಅಂಬೇಡ್ಕರ್ ಮುಂದಿಟ್ಟರು.

ಪ್ರಕರಣ ಗೆಲ್ಲಲಿಲ್ಲ. ಕರ್ವೆಗೆ 200 ರೂಪಾಯಿ ದಂಡವಾಯಿತು. ಸಂಬಳವಿಲ್ಲದೆ, ಕೈಯಿಂದ ದುಡ್ಡು ಹಾಕಿ ಪತ್ರಿಕೆ ನಡೆಸುವವರಿಗೆ ಆ ಕಾಲದಲ್ಲಿ ಅದು ದೊಡ್ಡ ಮೊತ್ತವೇ. ಆದರೆ ಪತ್ರಿಕೆ ನಿಲ್ಲಲಿಲ್ಲ, ಬರವಣಿಗೆಯ ಧಾಟಿಯೂ ಬದಲಾಗಲಿಲ್ಲ. ನಾಲ್ಕು ವರ್ಷದ ಬಳಿಕ, 1938ರ ನವೆಂಬರ್‌ನಲ್ಲಿ ಮುಂಬೈ ವಿಧಾನಸಭೆಯಲ್ಲಿ ಅಂಬೇಡ್ಕರ್ ಅವರ ಪಕ್ಷ ಸಂತಾನ ನಿಯಂತ್ರಣದ ಪರ ಗೊತ್ತುವಳಿ ತಂದಿತು. ಅದೂ ಬಿದ್ದುಹೋಯಿತು.

ಮೈಸೂರು ಮುಂದಿತ್ತು

ಇಲ್ಲಿ ಕನ್ನಡಿಗರು ನೆನೆಯಬೇಕಾದ ಸಂಗತಿಯೊಂದಿದೆ. ಬ್ರಿಟಿಷ್ ಆಡಳಿತದ ಮುಂಬೈಯಲ್ಲಿ ಕರ್ವೆ ಒಂಟಿಯಾಗಿ ಹೆಣಗುತ್ತಿದ್ದ ಕಾಲದಲ್ಲೇ, 1930ರಲ್ಲಿ ಮೈಸೂರು ಸಂಸ್ಥಾನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕೇಂದ್ರಗಳಿಗೆ ಒಪ್ಪಿಗೆ ನೀಡಿತ್ತು. ಸರ್ಕಾರವೇ ಇಂಥ ಕೇಂದ್ರ ನಡೆಸುವುದು ಆಗ ಜಗತ್ತಿಗೇ ಹೊಸದು. ಒಂದು ಕಡೆ ಸರ್ಕಾರದ ಯೋಜನೆಯಾದದ್ದು, ಕೆಲವೇ ನೂರು ಮೈಲಿ ದೂರದಲ್ಲಿ ಬಾಯಿಗೆ ತರಬಾರದ ವಿಷಯವಾಗಿತ್ತು.

ಸ್ವತಂತ್ರ ಭಾರತ 1952ರಲ್ಲಿ ಕುಟುಂಬ ಯೋಜನೆಯನ್ನು ರಾಷ್ಟ್ರೀಯ ಕಾರ್ಯಕ್ರಮವಾಗಿ ಕೈಗೆತ್ತಿಕೊಂಡಿತು. ಕೆಲಸ ಕಳೆದುಕೊಳ್ಳಲು ಕಾರಣವಾದ ಮಾತು ಸರ್ಕಾರದ ನೀತಿಯಾದದ್ದನ್ನು ಕರ್ವೆ ಕಣ್ಣಾರೆ ಕಂಡರು. ಮರುವರ್ಷ, 1953ರ ಅಕ್ಟೋಬರ್ 14ರಂದು ತೀರಿಕೊಂಡರು. ಆವರೆಗೂ ತಿಂಗಳು ತಿಂಗಳು ಬರುತ್ತಿದ್ದ 'ಸಮಾಜ ಸ್ವಾಸ್ಥ್ಯ' ನವೆಂಬರ್ ಸಂಚಿಕೆಯೊಂದಿಗೆ ನಿಂತಿತು. ಶತಾಯುಷಿ ತಂದೆ ಮಗನಿಗಿಂತ ಒಂಬತ್ತು ವರ್ಷ ಹೆಚ್ಚು ಬದುಕಿದರು. ಅಮೋಲ್ ಪಾಲೇಕರ್ 2001ರಲ್ಲಿ 'ಧ್ಯಾಸಪರ್ವ' ಸಿನಿಮಾ ಮಾಡಿದಾಗ ಹೊಸ ತಲೆಮಾರು ಈ ಮನುಷ್ಯನ ಕಡೆ ಮತ್ತೆ ತಿರುಗಿ ನೋಡಿತು.

ಕರ್ವೆ ಬರೆದದ್ದೆಲ್ಲ ಸರಿ ಎಂದೇನೂ ಅಲ್ಲ. ಅವರ ವ್ಯಂಗ್ಯದಿಂದ ನೊಂದವರೂ ಇದ್ದರು. ಆದರೆ ನೋವಾದವರಿಗೆ ಪ್ರತಿಯಾಗಿ ಬರೆಯುವ ದಾರಿ ತೆರೆದೇ ಇತ್ತು. ಅದನ್ನು ಬಿಟ್ಟು ಪೊಲೀಸರ ಬಳಿ ಹೋದವರಿಂದ ಕರ್ವೆಯವರಿಗಿಂತ ಹೆಚ್ಚು ನಷ್ಟವಾದದ್ದು, ಹೆಸರು ಹೇಳಲೂ ಅಂಜಿ ಪ್ರಶ್ನೆ ಬರೆದು ಕಳಿಸುತ್ತಿದ್ದ ಓದುಗರಿಗೆ.

ಸಲಿಂಗಕಾಮ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು 2018ರಲ್ಲಿ. ಓದುಗರ ಅಂಥದ್ದೇ ಪ್ರಶ್ನೆಗೆ ಉತ್ತರ ಬರೆದದ್ದಕ್ಕೆ ಕರ್ವೆ ಕೋರ್ಟು ಹತ್ತಿ ಆಗಲೇ 84 ವರ್ಷ ಕಳೆದಿತ್ತು.