ಹಳಿಗಳ ಕಾವಲುಗಾರ

ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ಸಾಗುವ ರೈಲುಮಾರ್ಗವು ಸವಣೂರು ತಾಲ್ಲೂಕಿನ ಯಲವಿಗಿಯನ್ನು ಹಾದು ಹಾವೇರಿ, ಬ್ಯಾಡಗಿಗಳ ಮೂಲಕ ಮುಂದುವರಿಯುತ್ತದೆ. ಹಾನಗಲ್ಲ, ಶಿಗ್ಗಾಂವಿ, ಹಿರೇಕೆರೂರು ಪಟ್ಟಣಗಳ ಜನ ರೈಲು ಹಿಡಿಯಬೇಕಾದರೆ ಈ ಮಾರ್ಗಕ್ಕೇ ಬರಬೇಕು. ರಸ್ತೆಯು ಹಳಿಯನ್ನು ದಾಟುವ ಕಡೆ ಗೇಟು ಮುಚ್ಚಿದ್ದರೆ ಕಾದು ನಿಂತವರು ಬೇಸರಪಡುವುದುಂಟು. ಆದರೆ ಕೈಮರದೊಡನೆ ಬೆಸೆದ ಗೇಟು ಪೂರ್ಣವಾಗಿ ಮುಚ್ಚಿಕೊಳ್ಳುವವರೆಗೆ ರೈಲಿಗೆ ದಾರಿ ಬಿಡುವ ಸಂಕೇತವೇ ದೊರೆಯುವುದಿಲ್ಲ. ಈ ಏರ್ಪಾಡಿನ ಹಿಂದಿರುವ ತತ್ತ್ವವನ್ನು ರೂಪಿಸಿ ಬೆಳೆಸಿದವರಲ್ಲಿ ಅಗ್ರಗಣ್ಯನು ಜಾನ್ ಸ್ಯಾಕ್ಸ್‌ಬಿ ಎಂಬ ಬಡಗಿ.

ಸ್ಯಾಕ್ಸ್‌ಬಿ ಇಂಗ್ಲೆಂಡಿನ ಬ್ರೈಟನ್ ನಗರದಲ್ಲಿ 1821ರಲ್ಲಿ ಜನಿಸಿದನು. ಎಳೆಯ ವಯಸ್ಸಿನಲ್ಲಿಯೇ ಆತನ ಕೈಗೆ ಉಳಿ, ಬಾಚಿಗಳು ಬಂದವು. ಮುಂದೆ ಲಂಡನ್-ಬ್ರೈಟನ್ ರೈಲ್ವೆಯಲ್ಲಿ ಬಡಗಿಯಾಗಿ ದುಡಿಯತೊಡಗಿದನು.

ಅಂದಿನ ರೈಲುಗಳಿಗೆ ವೇಗ ಬಂದಿತ್ತು. ಆ ವೇಗಕ್ಕೆ ತಕ್ಕ ಕಾವಲು ಬಂದಿರಲಿಲ್ಲ. ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಪಾಯಿಂಟುಗಳೇ ಬೇರೆ, ಚಾಲಕನಿಗೆ ಸೂಚನೆ ಕೊಡುವ ಕೈಮರಗಳೇ ಬೇರೆ. ಎರಡನ್ನೂ ಸರಿಹೊಂದಿಸುವ ಹೊಣೆ ಒಬ್ಬ ಕೆಲಸಗಾರನ ನೆನಪಿನ ಮೇಲೆ ನಿಂತಿತ್ತು. ಹಗಲಿರುಳು ದುಡಿದು ದಣಿದವನು ಮಂಜು ಕವಿದ ರಾತ್ರಿಯಲ್ಲಿ ಒಮ್ಮೆ ಮರೆತರೂ ಸಾಕು, ಕೈಮರವು ಒಂದು ದಾರಿಯನ್ನು ತೋರಿಸಿದರೆ ಹಳಿಯು ಇನ್ನೊಂದಕ್ಕೆ ಒಯ್ಯುತ್ತಿತ್ತು. ತಪ್ಪಿದವನನ್ನು ಶಿಕ್ಷಿಸಬಹುದಿತ್ತು; ಆದರೆ ಶಿಕ್ಷೆಯಿಂದ ಮಡಿದವರು ಮರಳಿ ಬರುವರೇ?

ಸ್ಯಾಕ್ಸ್‌ಬಿ ಹಿಡಿದ ದಾರಿ ಬೇರೆಯಾಗಿತ್ತು. ತಪ್ಪು ಮಾಡಬಾರದೆಂದು ವಿಧಿಸುವುದಕ್ಕಿಂತ ತಪ್ಪು ಮಾಡಲು ಆಗದಂತೆ ಯಂತ್ರವನ್ನೇ ರಚಿಸುವುದು ಲೇಸಲ್ಲವೇ? 1856ರಲ್ಲಿ ಆತನು ಪಾಯಿಂಟು ಮತ್ತು ಕೈಮರಗಳು ಏಕಕಾಲದಲ್ಲಿ ಚಲಿಸುವ ಏರ್ಪಾಡಿಗೆ ಪೇಟೆಂಟ್ ಪಡೆದನು. ಲಂಡನ್ನಿನ ಬ್ರಿಕ್ಲೇಯರ್ಸ್ ಆರ್ಮ್ಸ್ ಎಂಬಲ್ಲಿ ಅದು ಬಳಕೆಗೆ ಬಂದಿತು. ಆದರೂ ಒಂದು ಕೊರತೆ ಉಳಿದಿತ್ತು. ಪಾಯಿಂಟು ಮೊದಲು ಪೂರ್ಣವಾಗಿ ಕೂಡಿಕೊಳ್ಳಬೇಕು, ಕೈಮರ ಆಮೇಲೆ ಚಲಿಸಬೇಕು. ಎರಡೂ ಒಟ್ಟಿಗೆ ಹೊರಟರೆ ಸಾಲದು. ಈ ಕ್ರಮವನ್ನು 1860ರ ವೇಳೆಗೆ ಸಾಧಿಸಿ ತೋರಿಸಿದವನು ಆಸ್ಟಿನ್ ಚೇಂಬರ್ಸ್. ಸ್ಯಾಕ್ಸ್‌ಬಿ ಅದೇ ವರ್ಷ ತನ್ನ ರಚನೆಯನ್ನು ತಿದ್ದಿ ಹೊಸ ಪೇಟೆಂಟ್ ಪಡೆದನು. ದೊಡ್ಡ ಶೋಧಗಳು ಒಬ್ಬನ ಸ್ವತ್ತಲ್ಲವೆಂಬುದಕ್ಕೆ ಇದೊಂದು ನಿದರ್ಶನ.

ಈ ಯಂತ್ರದ ಮರ್ಮ ಸರಳವಾದುದು. ಎಲ್ಲ ಸನ್ನೆಗೋಲುಗಳನ್ನೂ ಒಂದೇ ಚೌಕಟ್ಟಿನಲ್ಲಿ ಸಾಲಾಗಿ ನಿಲ್ಲಿಸಲಾಗುತ್ತದೆ. ಒಂದನ್ನು ಎಳೆದಾಗ ಅದಕ್ಕೆ ವಿರುದ್ಧವಾದವುಗಳಿಗೆ ಕಬ್ಬಿಣದ ಪಟ್ಟಿಗಳು ಬಾಗಿಲಿನ ಅಗುಳಿಯಂತೆ ಅಡ್ಡ ಬರುತ್ತವೆ. ಎಷ್ಟು ಬಲ ಹಾಕಿ ಎಳೆದರೂ ತಪ್ಪಾದ ಸನ್ನೆಗೋಲು ಕದಲುವುದಿಲ್ಲ. ಇದಕ್ಕೆ ಇಂಟರ್‌ಲಾಕಿಂಗ್, ಅಂದರೆ ಪರಸ್ಪರ ಬಂಧನ ಎಂದು ಹೆಸರು.

1862ರಲ್ಲಿ ಸ್ಯಾಕ್ಸ್‌ಬಿ ಅದೇ ರೈಲ್ವೆಯ ಅಧಿಕಾರಿಯಾಗಿದ್ದ ಜಾನ್ ಸ್ಟಿನ್ಸನ್ ಫಾರ್ಮರ್‌ನೊಡನೆ ಪಾಲುದಾರನಾದನು. ಸ್ಯಾಕ್ಸ್‌ಬಿ ಮತ್ತು ಫಾರ್ಮರ್ ಸಂಸ್ಥೆಯ ಕಾರ್ಖಾನೆ ಲಂಡನ್ನಿನ ಕಿಲ್‌ಬರ್ನಿನಲ್ಲಿ ತಲೆಯೆತ್ತಿತು. ಮುಂದೆ ಫ್ರಾನ್ಸಿನಲ್ಲಿಯೂ ಒಂದು ಕಾರ್ಖಾನೆ ಸ್ಥಾಪನೆಯಾಯಿತು. ಸನ್ನೆಗೋಲುಗಳ ಚೌಕಟ್ಟು, ಕೈಮರ, ಗೇಟಿನ ಸಲಕರಣೆ ಇವೆಲ್ಲ ಅಲ್ಲಿಂದ ದೇಶದೇಶಗಳಿಗೆ ಹೋದವು. ಆದರೆ ಎಲ್ಲ ಕಂಪನಿಗಳೂ ಇವನ್ನು ಕೂಡಲೇ ಅಳವಡಿಸಿಕೊಳ್ಳಲಿಲ್ಲ, ಖರ್ಚಿಗೆ ಹಿಂಜರಿದವು. 1889ರಲ್ಲಿ ಐರ್ಲೆಂಡಿನ ಆರ್ಮಾ ಬಳಿ, ತಕ್ಕ ಬ್ರೇಕುಗಳಿಲ್ಲದ ಬೋಗಿಗಳು ಇಳಿಜಾರಿನಲ್ಲಿ ಹಿಂದಕ್ಕೆ ಉರುಳಿ ಇನ್ನೊಂದು ರೈಲಿಗೆ ಬಡಿದವು. ಸುಮಾರು 80 ಮಂದಿ ಮಡಿದರು. ಅವರಲ್ಲಿ ಅನೇಕರು ಮಕ್ಕಳು. ಅದೇ ವರ್ಷ ಬಂದ ಕಾನೂನು ಉತ್ತಮ ಬ್ರೇಕುಗಳ ಜೊತೆಗೆ ಪರಸ್ಪರ ಬಂಧನವನ್ನೂ ಕಡ್ಡಾಯ ಮಾಡಲು ಸರ್ಕಾರಕ್ಕೆ ಅಧಿಕಾರ ನೀಡಿತು.

ಸ್ಯಾಕ್ಸ್‌ಬಿ 1913ರಲ್ಲಿ ತನ್ನ 91ನೆಯ ವಯಸ್ಸಿನಲ್ಲಿ ತೀರಿಕೊಂಡನು. 1920ರಲ್ಲಿ ಆತನ ಸಂಸ್ಥೆ ವೆಸ್ಟಿಂಗ್‌ಹೌಸ್ ಸಂಸ್ಥೆಯೊಡನೆ ಒಂದಾಯಿತು. ಭಾರತದಲ್ಲಿಯೂ ಆತನ ಹೆಸರು ಬಹುಕಾಲ ಉಳಿಯಿತು. ಕಲ್ಕತ್ತೆಯ ವೆಸ್ಟಿಂಗ್‌ಹೌಸ್ ಸ್ಯಾಕ್ಸ್‌ಬಿ ಫಾರ್ಮರ್ ಕಾರ್ಖಾನೆ ಪಶ್ಚಿಮ ಬಂಗಾಳ ಸರ್ಕಾರದ ಒಡೆತನದಲ್ಲಿ ನಡೆಯಿತು.

ಇಂದು ಅನೇಕ ನಿಲ್ದಾಣಗಳಲ್ಲಿ ಸನ್ನೆಗೋಲುಗಳ ಸ್ಥಾನವನ್ನು ವಿದ್ಯುತ್ ತಂತಿಗಳೂ ಕಂಪ್ಯೂಟರುಗಳೂ ಪಡೆದಿವೆ. ತತ್ತ್ವ ಮಾತ್ರ ಬದಲಾಗಿಲ್ಲ. 2023ರ ಜೂನ್ 2ರಂದು ಒಡಿಶಾದ ಬಹನಗಾ ಬಜಾರ್ ನಿಲ್ದಾಣದಲ್ಲಿ ಸಂಕೇತವು ನೇರ ದಾರಿಯನ್ನು ತೋರಿಸಿತು. ಪಾಯಿಂಟು ರೈಲನ್ನು ಸರಕುಗಾಡಿ ನಿಂತಿದ್ದ ಪಕ್ಕದ ಹಳಿಗೆ ಒಯ್ದಿತು. 290ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಹಿಂದೆ ತಂತಿಗಳ ಜೋಡಣೆಯನ್ನು ಬದಲಿಸಿದಾಗಲೂ ಆ ದಿನ ಗೇಟಿನ ಸಲಕರಣೆಯ ಕೆಲಸ ನಡೆದಾಗಲೂ ಲೋಪಗಳಾಗಿದ್ದವೆಂದು ತನಿಖೆ ತಿಳಿಸಿತು. ಸ್ಯಾಕ್ಸ್‌ಬಿ ಯಾವ ತಪ್ಪನ್ನು ತಡೆಯಲು ಬಾಳನ್ನು ಮೀಸಲಿಟ್ಟನೋ ಅದೇ ತಪ್ಪು ಮತ್ತೆ ತಲೆದೋರಿತು. ಯಂತ್ರವು ಮನುಷ್ಯನ ಮರೆವನ್ನು ಕಾಯಬಲ್ಲದು. ಆದರೆ ಆ ಯಂತ್ರವನ್ನು ಜೋಡಿಸಿ ಪರೀಕ್ಷಿಸುವ ಕೈಗಳು ಎಚ್ಚರದಿಂದಿರಬೇಕು. ನಾವು ನೆಮ್ಮದಿಯಿಂದ ಮಾಡುವ ಪ್ರತಿಯೊಂದು ಪ್ರಯಾಣದ ಹಿಂದೆ ಅಂತಹ ಅನೇಕರ ಪ್ರಾಮಾಣಿಕ ದುಡಿಮೆ ಇದೆ.