ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ

ಅಜ್ಜಮಾಡ ಬೊಪ್ಪಯ್ಯ ದೇವಯ್ಯನವರು ನಮ್ಮ ಹಾಸನ ಜಿಲ್ಲೆಗೆ ಹೊಂದಿಕೊಂಡಿರುವ ಕೊಡಗಿನವರು. 1932ರಲ್ಲಿ ಜನಿಸಿ, 1954ರಲ್ಲಿ ವಾಯುಸೇನೆ ಸೇರಿದರು. 1965ರಲ್ಲಿ ಪಾಕಿಸ್ತಾನದೊಡನೆ ಯುದ್ಧ ಆರಂಭವಾದಾಗ ಅವರು ವಿಮಾನ ಹಾರಿಸಲು ಕಲಿಸುವ ಶಿಕ್ಷಕರಾಗಿದ್ದರು. ಬಾಳ್ಳುಪೇಟೆಯಲ್ಲಿ ಏಳನೆಯ ತರಗತಿಯ ಪಾಠಾಭ್ಯಾಸಕ್ಕೆ ನಾನು ಇವರ ಜೀವನವನ್ನು ಆರಿಸಿಕೊಳ್ಳಲು ಇದೇ ಕಾರಣ.

ಸೆಪ್ಟೆಂಬರ್ 7ರಂದು ಸರ್ಗೋಧಾ ವಾಯುನೆಲೆಯ ಮೇಲೆ ದಾಳಿ ನಡೆಯಿತು. ದೇವಯ್ಯನವರ ಹೆಸರಿದ್ದುದು ಕಾಯ್ದಿರಿಸಿದವರ ಸಾಲಿನಲ್ಲಿ. ಆದರೂ ಅವರು ಹಾರಿದರು. ಅವರ ಮಿಸ್ಟೇರ್ ವಿಮಾನಕ್ಕಿಂತ ಬಹಳ ವೇಗದ ಸ್ಟಾರ್‌ಫೈಟರ್ ಎದುರಾಯಿತು. ತಮ್ಮ ವಿಮಾನಕ್ಕೆ ಪೆಟ್ಟು ಬಿದ್ದ ಮೇಲೂ ತಿರುಗಿ ಹೋರಾಡಿ ಅದನ್ನು ಹೊಡೆದುರುಳಿಸಿದರು. ಅದರ ಚಾಲಕ ಪ್ಯಾರಾಚೂಟ್‌ನಲ್ಲಿ ಇಳಿದು ಬದುಕಿದ. ದೇವಯ್ಯನವರು ಉಳಿಯಲಿಲ್ಲ. ಆಗ ಅವರಿಗೆ 32 ವರ್ಷ.

ಈ ಹೋರಾಟವನ್ನು ನಮ್ಮವರು ಯಾರೂ ಕಂಡಿರಲಿಲ್ಲ. ದಾಖಲೆಯಲ್ಲಿ ಅವರು ಕಾಣೆಯಾದವರು. ಪಾಕಿಸ್ತಾನದ ವಾಯುಸಮರದ ಬಗ್ಗೆ ಬ್ರಿಟಿಷ್ ಲೇಖಕರೊಬ್ಬರು 1979ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಸಂಗತಿ ಬೆಳಕಿಗೆ ಬಂತು. 1988ರಲ್ಲಿ ಮರಣೋತ್ತರ ಮಹಾವೀರ ಚಕ್ರ ದೊರೆತು, ಪತ್ನಿ ಅದನ್ನು ಸ್ವೀಕರಿಸಿದರು.

ಕಪ್ಪುಹಲಗೆಯ ಮೇಲೆ ಎರಡೂ ಇಸವಿ ಬರೆದು ಕಳೆಯಲು ಹೇಳಿದೆ. 23 ಎಂದ ಮಕ್ಕಳು ಸುಮ್ಮನಾದರು. ಈ ಪಾಠ ಮಾಡುವ ಸಹಪಾಠಿಗಳು ಒಂದು ಮಾತನ್ನು ಬಿಡದೆ ಹೇಳಬೇಕು: ದೇವಯ್ಯನವರ ಶೌರ್ಯಕ್ಕೆ ಸಾಕ್ಷಿ ಸಿಕ್ಕಿದ್ದು ಎದುರಾಳಿಯ ಕಡೆಯಿಂದ.